ಪದ ಪರಿಚಯ: ಲಸಿಕೆ ಹಿಂಜರಿಕೆ

ಲಸಿಕೆ ಕೈಗೆಟುಕುವಂತಿದ್ದರೂ ಹಾಕಿಸಿಕೊಳ್ಳಲು ತಡಮಾಡುವುದನ್ನು ಅಥವಾ ಬೇಡವೆನ್ನುವುದನ್ನು ‘ಲಸಿಕೆ ಹಿಂಜರಿಕೆ’ ಎನ್ನುತ್ತಾರೆ. ಲಸಿಕೆಯೇ ಸಿಗದ ಊರಿನಲ್ಲಿ ಜನ ಹಾಕಿಸಿಕೊಳ್ಳದಿದ್ದರೆ ಅದು ಕೊರತೆಯೇ ಹೊರತು ಹಿಂಜರಿಕೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಜಗತ್ತಿನ ಆರೋಗ್ಯಕ್ಕಿರುವ ಹತ್ತು ಅಪಾಯಗಳಲ್ಲಿ ಇದನ್ನೂ ಒಂದೆಂದು ಹೆಸರಿಸಿತು. ಹಿಂಜರಿಯುವುದೆಂದರೆ ಹಿಂದಕ್ಕೆ ಸರಿಯುವುದು. ಸರಿದವರು ಮುಂದೆ ಬರಲೂಬಹುದಾದ್ದರಿಂದ ಅವರನ್ನು ಲಸಿಕೆಯ ವಿರೋಧಿಗಳೆಂದು ಕರೆಯುವುದು ಅನ್ಯಾಯ. ನಮ್ಮ ಚಿಕ್ಕಬಳ್ಳಾಪುರದ ಕಡೆ ಇದಕ್ಕೆ ‘ನೋಡೋಣ ಬಿಡಿ’ ಎಂಬ ಒಂದೇ ಮಾತು ಸಾಕು.

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ತಡೆಯುವ ಲಸಿಕೆಯ ವಿಷಯದಲ್ಲಿ ಈ ‘ನೋಡೋಣ’ ಎಚ್‌ಐವಿ ಇರುವವರ ಬಾಯಲ್ಲೂ ಇಲ್ಲದವರ ಬಾಯಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ಸನ್ನು ದೇಹ ಬಹುಪಾಲು ತಾನೇ ಹೊರಹಾಕುತ್ತದೆ. ವರ್ಷಗಟ್ಟಲೆ ಉಳಿದುಕೊಂಡರೆ ಗರ್ಭಕಂಠದ ಕ್ಯಾನ್ಸರ್‌ಗೆ ದಾರಿಯಾಗಬಹುದು. ಆ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 70ರಷ್ಟು ಈ ವೈರಸ್ಸಿನ 16 ಮತ್ತು 18ನೇ ಬಗೆಗಳಿಂದ ಬರುವಂಥವು.

ಎಚ್‌ಐವಿ ಇಲ್ಲದ ವಯಸ್ಕರು ‘ಅದು ಹುಡುಗಿಯರ ಲಸಿಕೆ, ಮದುವೆಯಾಗಿ ಮಕ್ಕಳಾದ ನಮಗೇಕೆ’ ಎನ್ನುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಶಿಡ್ಲಘಟ್ಟದ ರೈತರು ಚಾಕಿ ಹುಳು (ಎಳೆಯ ರೇಷ್ಮೆ ಹುಳು) ಮನೆಗೆ ಬರುವ ಮೊದಲೇ ಹುಳುಮನೆಗೆ ಸೋಂಕುನಿವಾರಕ ಸಿಂಪಡಿಸುವಂತೆ, ಸೋಂಕು ತಗಲುವ ಮೊದಲು ಕೊಟ್ಟಾಗಲೇ ಈ ಲಸಿಕೆಯ ಫಲ ಹೆಚ್ಚು. ವಯಸ್ಸಾದಂತೆ ಲಾಭ ಇಳಿಯುತ್ತದೆ, ಆದರೆ ಇಲ್ಲವಾಗುವುದಿಲ್ಲ.

ಎಚ್‌ಐವಿಯೊಂದಿಗೆ ಬದುಕುವವರ ಹಿಂಜರಿಕೆಯ ಬೇರು ಇನ್ನೊಂದು ಕಡೆ ಇರುತ್ತದೆ. ‘ಮೈಯಲ್ಲಿ ಒಂದು ವೈರಸ್ ಇರುವಾಗ ಇನ್ನೊಂದನ್ನು ಚುಚ್ಚಿಸಿಕೊಳ್ಳುವುದೇ’ ಎಂಬ ಅಂಜಿಕೆ ಸಹಜವೇ. ಆದರೆ ಈ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರ ಹೊರಕವಚವನ್ನು ಹೋಲುವ ಪ್ರೋಟೀನ್ ಮಾತ್ರ ಇದೆ. ಅದಕ್ಕಿಂತ ಆಳವಾದದ್ದು ಗುಟ್ಟು ಬಯಲಾಗುವ ಭಯ. ಎಚ್‌ಐವಿಗೆ ಔಷಧಿ ಕೊಡುವ ಎ.ಆರ್.ಟಿ. ಕೇಂದ್ರದ ಚೀಟಿಯನ್ನು ಚೀಲದ ತಳದಲ್ಲಿ ಮಡಚಿಟ್ಟುಕೊಂಡು ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹೆಂಗಸಿಗೆ, ಲಸಿಕೆಗಾಗಿ ಮತ್ತೊಂದು ಕೋಣೆಯ ಮುಂದೆ ನಿಂತು ಮತ್ತೊಬ್ಬರೆದುರು ತನ್ನ ಸ್ಥಿತಿಯನ್ನು ಹೇಳಿಕೊಳ್ಳುವುದು ಸೂಜಿಗಿಂತ ಹೆಚ್ಚು ನೋಯಿಸುತ್ತದೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಆಕೆಗೆ ಈಗಾಗಲೇ ಪರಿಚಯವಿರುವ ಆಪ್ತಸಮಾಲೋಚಕರೇ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಈ ಮಾತು ತೆಗೆದರೆ ಉತ್ತರ ಬೇರೆಯಾಗಬಹುದು.

ಮಾತು ತೆಗೆಯಲೇಬೇಕಾದ ಕಾರಣವೂ ಇದೆ: ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಅವರಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಡೋಸ್ ಹೇಳಿದೆ. ಲಸಿಕೆ ಹಾಕಿಸಿಕೊಂಡರೂ ಬಿಡದೆ ಮಾಡಿಸಬೇಕಾದ ಗರ್ಭಕಂಠದ ತಪಾಸಣೆಯನ್ನು, ಉಳಿದವರಿಗೆ 30ನೇ ವಯಸ್ಸಿನಿಂದ ಎಂದಿದ್ದರೆ, ಇವರಿಗೆ 25ರಿಂದಲೇ ಎಂದಿದೆ.