ಗುತ್ತಿಯ ನೀಲಿ ಜೇಡಕ್ಕೆ ಊರು ಸಿಕ್ಕಿದ್ದು ಹೇಗೆ

ಬಳ್ಳಾರಿಯಲ್ಲಿ ಹರಿಪ್ರಿಯಾ ಎಕ್ಸ್‌ಪ್ರೆಸ್ ಹತ್ತಿ ತಿರುಪತಿ ಕಡೆ ಹೊರಟರೆ ಗುಂತಕಲ್ ಆದ ಮೇಲೆ ಗುತ್ತಿ ಸಿಗುತ್ತದೆ. ನಮ್ಮಲ್ಲಿ ಬಹಳ ಜನ ನಿದ್ದೆಯಲ್ಲೇ ದಾಟುವ ಊರು ಅದು. ಆದರೆ ಜರ್ಮನಿಯಲ್ಲೋ ಅಮೆರಿಕದಲ್ಲೋ ಟಾರಂಟುಲಾ ಎಂಬ ದೊಡ್ಡ ರೋಮದ ಜೇಡಗಳನ್ನು ಸಾಕುವವರನ್ನು ಕೇಳಿ ನೋಡಿ, ಗುತ್ತಿ ಅಂದ ಕೂಡಲೇ ಅವರ ಕಣ್ಣು ಅರಳುತ್ತದೆ. ಅವರ ಮನಸ್ಸಿಗೆ ಬರುವುದು ಗುತ್ತಿಯ ಕೋಟೆ ಅಲ್ಲ. ಮೈಯೆಲ್ಲ ನೀಲಿ, ಅದರ ಮೇಲೆ ಬಿಳಿ ಗೆರೆಗಳ ಚಿತ್ತಾರ, ಕಾಲಿನ ಸಂದುಗಳಲ್ಲಿ ಹಳದಿ ಇರುವ ಒಂದು ಜೇಡ. ಪಿಸಿಲೋಥೀರಿಯಾ ಮೆಟಾಲಿಕಾ ಎಂಬುದು ಅದರ ವೈಜ್ಞಾನಿಕ ಹೆಸರು. ಸಾಕುವವರ ಬಾಯಲ್ಲಿ ಅದು ‘ಗೂಟಿ ಸಫೈರ್’.

ಈ ಜೇಡಕ್ಕೆ ಹೆಸರಿಟ್ಟದ್ದು 1899ರಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ರೆಜಿನಾಲ್ಡ್ ಇನ್ಸ್ ಪೋಕಾಕ್. ಅವರ ಮುಂದೆ ಇದ್ದದ್ದು ಒಂದೇ ಒಂದು ಜೇಡ. ಅದು ಸಿಕ್ಕಿದ್ದು ಗುತ್ತಿಯ ರೈಲ್ವೆ ಮರದ ಯಾರ್ಡಿನಲ್ಲಿ. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಗುತ್ತಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ಲೆಕ್ಕದಲ್ಲಿ ಹದಿನೇಳು ವರ್ಷ ಮುಂಚೆ ಹೆಸರಿಟ್ಟಿದ್ದರೆ ಇದು ಬಳ್ಳಾರಿ ಜಿಲ್ಲೆಯ ಜೇಡ ಅಂತಲೇ ದಾಖಲಾಗುತ್ತಿತ್ತು.

ಹಾಗೆ ದಾಖಲಾಗಿದ್ದರೂ ಅದು ತಪ್ಪೇ ಆಗುತ್ತಿತ್ತು. ಇದು ಎತ್ತರದ ಮರಗಳ ಪೊಟರೆಯಲ್ಲಿ ಬದುಕುವ ಜೇಡ. ರೈಲಿಗೆಂದು ಕಡಿದ ಮರದ ಜೊತೆ ಗುತ್ತಿಗೆ ಬಂದಿತ್ತು ಅಂತ ಈಗ ತಿಳಿದವರು ಹೇಳುತ್ತಾರೆ. ಮರ ಎಲ್ಲಿಂದ ಬಂತು ಅಂತ ಗೊತ್ತಿರಲಿಲ್ಲ. ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಇದು ಬೀಳಲಿಲ್ಲ. 2001ರಲ್ಲಿ ಮತ್ತೆ ಸಿಕ್ಕಿತು, ಗುತ್ತಿಯಿಂದ ಸುಮಾರು ನೂರು ಕಿಲೋಮೀಟರ್ ಆಚೆ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಅದೂ ಕಡಿದು ಕಡಿದು ಸೊರಗಿದ ಕಾಡು. ಕೆಲವೇ ವರ್ಷಗಳಲ್ಲಿ ಇದರ ಮರಿಗಳು ಯುರೋಪು, ಅಮೆರಿಕದ ಮನೆಗಳಲ್ಲಿ ಪ್ಲಾಸ್ಟಿಕ್ ಡಬ್ಬಿ ಸೇರಿದವು. 2008ರಲ್ಲಿ, ಜೀವಿಗಳ ಅಳಿವಿನ ಅಪಾಯವನ್ನು ಲೆಕ್ಕ ಹಾಕುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ‘ತೀವ್ರ ಅಪಾಯದಲ್ಲಿರುವ’ ಪಟ್ಟಿಗೆ ಸೇರಿಸಿತು. ಕಾಡಿನಲ್ಲಿ ಇದು ಉಳಿದಿರುವ ಜಾಗ ನೂರು ಚದರ ಕಿಲೋಮೀಟರಿಗೂ ಕಡಿಮೆ ಎಂಬುದು ಅವರ ಲೆಕ್ಕ.

ಈ ಕಥೆಯನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಜೇಡಕ್ಕೆ ಹೆಸರು ಸಿಕ್ಕಿತ್ತು, ಊರು ಸಿಕ್ಕಿರಲಿಲ್ಲ. ಊರು ಗೊತ್ತಿಲ್ಲದ್ದಕ್ಕೆ ನೂರು ವರ್ಷ ಅದನ್ನು ಹುಡುಕುವುದೂ ಆಗಲಿಲ್ಲ, ಕಾಯುವುದೂ ಆಗಲಿಲ್ಲ. ಇವತ್ತು ಹೆಸರೇ ಇಲ್ಲದ ಟಾರಂಟುಲಾಗಳು ಸಾಕುವವರ ಕೈಯಿಂದ ಕೈಗೆ ದಾಟುತ್ತಿರುವಾಗ ಇದೇ ತೊಂದರೆ ಹತ್ತು ಪಟ್ಟು ಜಾಸ್ತಿಯಾಗಿದೆ.

‘ಟಾರಂಟುಲಾ’ ಅನ್ನುವ ಹೆಸರೇ ಊರು ತಪ್ಪಿದ್ದು. ಇಟಲಿಯ ಟಾರಂಟೊ ಊರಿನ ಒಂದು ತೋಳಜೇಡಕ್ಕೆ ಇದ್ದ ಹೆಸರು ಅದು. ಮುಂದೆ ಅಮೆರಿಕ ಖಂಡದ ದೊಡ್ಡ ರೋಮದ ಜೇಡಗಳಿಗೆ ಅಂಟಿಕೊಂಡಿತು, ಅಲ್ಲಿಂದ ನಮ್ಮವಕ್ಕೂ ಬಂತು. 1705ರಲ್ಲಿ ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಚಿತ್ರಕಾರ್ತಿ ಸುರಿನಾಮಿನಲ್ಲಿ ಕಂಡ ಜೇಡವೊಂದು ಪುಟ್ಟ ಹಕ್ಕಿಯನ್ನು ತಿನ್ನುವ ಚಿತ್ರ ಪ್ರಕಟಿಸಿದರು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅಂಥ ಜೇಡಕ್ಕೆ ಹಕ್ಕಿಯ ನೆನಪು ತರುವ ‘ಅವಿಕ್ಯುಲೇರಿಯಾ’ ಎಂಬ ಹೆಸರು ಕೊಟ್ಟರು. ಈಗ ಟಾರಂಟುಲಾಗಳ ಕುಟುಂಬದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿದೆ.

ಇನ್ನು ಹೆಸರಿಲ್ಲದವು. ವ್ಯಾಪಾರಿಗೆ ಕಾಡಿನಿಂದ ಒಂದು ಹೊಸ ಜೇಡ ಬರುತ್ತದೆ. ಕುಲ ಇಂಥದ್ದು ಅಂತ ಅಂದಾಜಾಗುತ್ತದೆ, ಪ್ರಭೇದ ಗೊತ್ತಾಗುವುದಿಲ್ಲ. ಆಗ ಕುಲದ ಹೆಸರು ಬರೆದು, ಮುಂದೆ ‘ಸ್ಪೀಸೀಸ್’ ಅಂತ ಹಾಕಿ, ಬಣ್ಣವನ್ನೋ ದೇಶವನ್ನೋ ಸೇರಿಸುತ್ತಾರೆ. ‘ಕೈಲೋಬ್ರಾಕಿಸ್ ಸ್ಪೀಸೀಸ್ ಎಲೆಕ್ಟ್ರಿಕ್ ಬ್ಲೂ’ ಅನ್ನುವ ಹಾಗೆ. ಇದು ಹೆಸರಲ್ಲ, ಗುರುತಿನ ಚೀಟಿ. ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಅದರ ಪ್ರಕಾರ ವಿವರಣೆ ಪ್ರಕಟವಾಗಬೇಕು. ಒಂದು ಮೂಲ ನಮೂನೆಯನ್ನು ಗೊತ್ತು ಮಾಡಬೇಕು, ಅದನ್ನೇ ಹೋಲೋಟೈಪ್ ಅನ್ನುವುದು. ಅದು ಯಾವ ಸಂಗ್ರಹದಲ್ಲಿ ಇರುತ್ತದೆ ಅಂತಲೂ ಹೇಳಬೇಕು. ಬೆಲೆಪಟ್ಟಿಯಲ್ಲಿ ಸುಮ್ನೆ ಬರೆದದ್ದು ಹೆಸರಾಗುವುದಿಲ್ಲ.

ಮೇಲೆ ಹೇಳಿದ ಆ ನೀಲಿ ಜೇಡಕ್ಕೆ ಕೊನೆಗೆ ಹೆಸರು ಬಂತು. 2023ರಲ್ಲಿ ಥಾಯ್ಲೆಂಡಿನ ಸಂಶೋಧಕರು ದಕ್ಷಿಣದ ಫಂಗ್‌ಙಾ ಪ್ರಾಂತ್ಯದ ಕಾಡಿನಲ್ಲಿ ಅದನ್ನು ಕಂಡು ‘ಕೈಲೋಬ್ರಾಕಿಸ್ ನಟಾನಿಚಾರಮ್’ ಎಂದು ವಿವರಿಸಿದರು. ಹೆಸರಿಡುವ ಹಕ್ಕನ್ನು ಹರಾಜು ಹಾಕಿ, ಬಂದ ಹಣವನ್ನು ಲಾಹು ಬುಡಕಟ್ಟಿನ ಮಕ್ಕಳ ಓದಿಗೂ ಬಡ ಕ್ಯಾನ್ಸರ್ ರೋಗಿಗಳಿಗೂ ಕೊಟ್ಟರು. ನನಗೆ ಇದರಲ್ಲಿ ಹಿಡಿಸಿದ್ದು ಹರಾಜಿಗಿಂತ ಬೇರೆ ಒಂದು ವಿಷಯ. ಅದು ಎಂಥ ಮರದಲ್ಲಿ, ಎಂಥ ಬಿಲದಲ್ಲಿ ಇರುತ್ತದೆ ಅಂತ ಅದೇ ದೇಶದವರು ಹೋಗಿ ನೋಡಿ ಬರೆದರು. ಡಬ್ಬಿಯಲ್ಲಿ ಸಾಕಿದವರಿಗೆ ಅದು ತಿಳಿಯುವ ದಾರಿ ಇರಲಿಲ್ಲ.

ಹೆಸರಿದ್ದ ಜೇಡಗಳ ವಿಷಯದಲ್ಲೂ ಸಾಕುವವರು ಎಡವಿದ್ದಾರೆ. ಮೆಕ್ಸಿಕೋದ ಕೆಂಪು ಮಂಡಿಯ ಬ್ರಾಕಿಪೆಲ್ಮಾ ಸ್ಮಿತಿ, ಸಾಕುವವರಿಗೆ ಬಹಳ ಅಚ್ಚುಮೆಚ್ಚು. ಎಷ್ಟು ಅಂದರೆ 1985ರಲ್ಲೇ ಅದರ ವ್ಯಾಪಾರಕ್ಕೆ ಸೈಟ್ಸ್ ಎಂಬ, ದೇಶ ದೇಶಗಳ ನಡುವಿನ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಕಡಿವಾಣ ಬಿತ್ತು. 2017ರಲ್ಲಿ ಮೆಕ್ಸಿಕೋದ ಇಬ್ಬರು ಸಂಶೋಧಕರು ಡಿಎನ್‌ಎ ಮತ್ತು ಮೈಯ ರಚನೆ ಎರಡನ್ನೂ ಹೋಲಿಸಿ ನೋಡಿದರು. ದಶಕಗಳಿಂದ ‘ಸ್ಮಿತಿ’ ಅಂತ ಸಾಕುತ್ತಿದ್ದವುಗಳಲ್ಲಿ ಹೆಚ್ಚಿನವು ‘ಹಮೋರಿ’ ಎಂಬ ಇನ್ನೊಂದು ಪ್ರಭೇದ ಅಂತ ಆಗ ಗೊತ್ತಾಯಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಎರಡನ್ನೂ ಒಂದೇ ಅಂದುಕೊಂಡು ಜೋಡಿ ಮಾಡಿದ್ದಾರೋ! ಹಾಗೆ ಬೆರೆತು ಹುಟ್ಟಿದ ಮರಿಗೆ ಊರೂ ಇಲ್ಲ, ಪ್ರಭೇದವೂ ಇಲ್ಲ. ಅದನ್ನು ಕಾಡಿಗೆ ಮರಳಿ ಬಿಡುವ ಮಾತೇ ಬರುವುದಿಲ್ಲ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಬಣ್ಣ ನಂಬಿದರೆ ಕೆಟ್ಟೆವು. ಟಾರಂಟುಲಾಗಳ ನೀಲಿ ಯಾವುದೇ ವರ್ಣದ್ರವ್ಯದ್ದಲ್ಲ. ರೋಮದ ಒಳಗಿನ ಅತಿ ಸಣ್ಣ ರಚನೆಗಳು ಬೆಳಕನ್ನು ತಿರುಗಿಸುವುದರಿಂದ ಕಾಣುವ ನೀಲಿ ಅದು. ಈ ಕುಟುಂಬದಲ್ಲಿ ಅದು ಕಡಿಮೆ ಅಂದರೂ ಎಂಟು ಸಲ ಬೇರೆ ಬೇರೆಯಾಗಿ ಹುಟ್ಟಿದೆ ಅಂತ 2015ರ ಒಂದು ಅಧ್ಯಯನ ತೋರಿಸಿತು. ನೀಲಿ ಇದ್ದವೆಲ್ಲ ನೆಂಟರಲ್ಲ.

ನಂಬಬಹುದಾದ ಗುರುತುಗಳಲ್ಲಿ ಒಂದು ಪೊರೆಯಲ್ಲಿ ಸಿಗುತ್ತದೆ. ಜೇಡ ಬೆಳೆಯುವಾಗ ಹಾವಿನ ಹಾಗೆ ಪೊರೆ ಕಳಚುತ್ತದೆ, ಅಲ್ವಾ. ಆ ಪೊರೆ ಒಣಗಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ತಟ್ಟೆಯಲ್ಲಿ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ಅದನ್ನು ನೆನೆಸಬೇಕು. ಸ್ವಲ್ಪ ಹೊತ್ತಿಗೆ ಮೆತ್ತಗಾಗುತ್ತದೆ. ಸುಕ್ಕಾಗಿ ಮುದುಡಿದ ಹೊಟ್ಟೆಯ ಭಾಗವನ್ನು ಎರಡು ಸೂಜಿಯಿಂದ ನಿಧಾನಕ್ಕೆ ಬಿಡಿಸಬೇಕು. ಅವಸರ ಮಾಡಿದರೆ ಹರಿಯುತ್ತದೆ. ಒಳಮೈ ಮೇಲೆ ಮಾಡಿ ಹರಡಿದರೆ ನಾಲ್ಕು ಬಿಳಿ ಮಚ್ಚೆ ಕಾಣುತ್ತವೆ, ಅವು ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿರುವ ಶ್ವಾಸಕೋಶಗಳ ಜಾಗ. ಮೇಲಿನ ಎರಡು ಮಚ್ಚೆಗಳ ನಡುವೆ, ಹೆಣ್ಣಾದರೆ, ಒಂದು ಸಣ್ಣ ಚೀಲ ಇರುತ್ತದೆ. ಗಂಡಿನ ವೀರ್ಯ ಕೂಡಿಡುವ ಚೀಲ. ಕೆಲವಕ್ಕೆ ಅದು ಅಗಲವಾದ ಒಂದೇ ಪಟ್ಟಿ, ಕೆಲವಕ್ಕೆ ಜೋಡಿ ಮೊಗ್ಗು. ಬಲಿತ ಗಂಡಾದರೆ ಬಾಯಿಯ ಪಕ್ಕದ ಪುಟ್ಟ ಕಾಲಿನ ತುದಿಯ ಬಲ್ಬಿನ ಆಕಾರ ನೋಡುತ್ತಾರೆ. ಇಷ್ಟು ನೋಡಿದ ಮೇಲೂ ಹಳೆಯ ಹೋಲೋಟೈಪ್ ಜೊತೆ ಹೋಲಿಸಬೇಕು. ನಮ್ಮ ದೇಶದ ಹಳೆಯ ಹೋಲೋಟೈಪ್‌ಗಳಲ್ಲಿ ಬಹಳಷ್ಟು ಲಂಡನ್ನಿನಲ್ಲಿವೆ. ಇಲ್ಲಿ ಕೂತು ಕೆಲಸ ಮಾಡುವ ನಮ್ಮ ಹುಡುಗರಿಗೆ ಅದೇ ದೊಡ್ಡ ಅಡ್ಡಿ.

ಸಾಕುವವರನ್ನು ಪೂರ್ತಿ ದೂರುವುದು ಸರಿಯಲ್ಲ. ಮೊಟ್ಟೆಯ ಚೀಲದಲ್ಲಿ ಎಷ್ಟು ಮರಿ, ಹೆಣ್ಣು ಎಷ್ಟು ವರ್ಷ ಬದುಕುತ್ತದೆ ಇಂಥ ವಿಷಯ ಅವರಷ್ಟು ತಾಳ್ಮೆಯಿಂದ ಬರೆದಿಟ್ಟವರು ಕಡಿಮೆ. ಆದರೆ ಹೊಸದಕ್ಕೆ ಬೆಲೆ ಜಾಸ್ತಿ, ಹೆಸರಿಲ್ಲದ್ದಕ್ಕೆ ಇನ್ನೂ ಜಾಸ್ತಿ ಅನ್ನುವ ಹಸಿವು ಕೆಟ್ಟದ್ದು. 2019ರಲ್ಲಿ ಮಲೇಷ್ಯಾದ ಸರವಾಕಿನ ನೀಲಿ ಕಾಲಿನ ಜೇಡವೊಂದಕ್ಕೆ ಬ್ರಿಟನ್ನಿನ ಪತ್ರಿಕೆಯಲ್ಲಿ ‘ಬಿರುಪಿಸ್ ಸಿಮೊರೊಕ್ಸಿಗೋರಮ್’ ಎಂದು ಹೆಸರಿಟ್ಟರು. ಆ ಜೇಡಗಳನ್ನು ಅನುಮತಿ ಇಲ್ಲದೆ ಹಿಡಿದು ಸಾಗಿಸಿದ್ದರು ಎಂಬ ದೂರು ಕೂಡಲೇ ಎದ್ದಿತು. ಹೆಸರು ಮಾತ್ರ ನಿಯಮದ ಪ್ರಕಾರ ಉಳಿಯಿತು. ಕಳವಿನ ಮಾಲಿಗೂ ವಿಜ್ಞಾನದ ಮುದ್ರೆ ಬೀಳಬಹುದು ಅಂತ ಇದರಿಂದ ಕಂಡಿತು. ನನಗಂತೂ ಇದು ನುಂಗಲಾಗದ ತುತ್ತು.

ನಮ್ಮ ದೇಶಕ್ಕೂ ಈ ವ್ಯಾಪಾರ ಬಂದಿದೆ. 2020ರ ಜುಲೈನಲ್ಲಿ ಚೆನ್ನೈ ವಿಮಾನ ನಿಲ್ದಾಣದಲ್ಲಿ ಪೋಲೆಂಡಿನಿಂದ ಬಂದ ಪಾರ್ಸೆಲ್ ಬಿಚ್ಚಿದಾಗ 107 ಪುಟ್ಟ ಶೀಶೆಗಳು, ಒಂದೊಂದರಲ್ಲಿ ಒಂದೊಂದು ಜೀವಂತ ಜೇಡ. ಕಸ್ಟಮ್ಸ್‌ನವರು ಅವನ್ನು ವಾಪಸ್ ಕಳಿಸಿದರು. ಇತ್ತ ನಮ್ಮ ಪಿಸಿಲೋಥೀರಿಯಾ ಕುಲವನ್ನು 2019ರಲ್ಲಿ ಸೈಟ್ಸ್‌ನ ಎರಡನೇ ಅನುಬಂಧಕ್ಕೆ ಸೇರಿಸಿದರು. 2002ರ ಜೀವವೈವಿಧ್ಯ ಕಾಯ್ದೆ ಇನ್ನೂ ನೇರವಾಗಿದೆ. ಹೊಸ ಪ್ರಭೇದ ಕಂಡುಹಿಡಿದವರು ಯಾರೇ ಆಗಲಿ, ಗೊತ್ತು ಮಾಡಿದ ಸಂಸ್ಥೆಗೆ ತಿಳಿಸಿ ನಮೂನೆ ಒಪ್ಪಿಸಬೇಕು. ಕೋಲ್ಕತ್ತದ ಜ಼ುವಾಲಾಜಿಕಲ್ ಸರ್ವೆ ಆಫ್ ಇಂಡಿಯಾ ಅಂಥದ್ದೊಂದು ಸಂಸ್ಥೆ.

ಹೋದ ಮಳೆಗಾಲದಲ್ಲಿ ಪರಿಚಯದ ಹುಡುಗನೊಬ್ಬ ಸಂಡೂರಿನ ಗುಡ್ಡದಿಂದ ಫೋಟೋ ತಂದು ತೋರಿಸಿದ. ಬಂಡೆಯ ಬುಡದಲ್ಲಿ ಬಿಲ, ಬಾಯಿಗೆ ಬಲೆಯ ಬಟ್ಟೆ, ಅಂಚಿನಲ್ಲಿ ಕಂದು ಬಣ್ಣದ ಎರಡು ಕಾಲು. “ಅಣ್ಣ, ಇದು ಯಾವುದು? ಹಿಡ್ಕೊಂಡು ಬರ್ಲಾ?” ಅಂದ. ಬೇಡ ಅಂದೆ. ಎರಡು ಕಾಲು ನೋಡಿ ಪ್ರಭೇದ ಹೇಳಲು ನನಗೆ ಬಾರದು, ಯಾರಿಗೂ ಬಾರದು. ಅದಿರಿನ ಲಾರಿಗಳು ಓಡಾಡುವ ಆ ಗುಡ್ಡಗಳಲ್ಲಿ ಬಂಡೆ ಇವತ್ತಿದ್ದದ್ದು ನಾಳೆ ಇರುತ್ತದೆ ಅಂತಲೂ ಹೇಳಲಾಗದು. ಫೋಟೋದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು ಅಂದೆ. ಅವನು ಅಲ್ಲೇ ಕೂತು ಬರೆದ: ಊರು, ಗುಡ್ಡದ ಯಾವ ಮಗ್ಗುಲು, ತಾರೀಖು, ಹಿಂದಿನ ರಾತ್ರಿ ಮಳೆ ಬಂದಿತ್ತು, ಬಿಲದ ಬಾಯಿ ಎರಡು ಬೆರಳಗಲ, ಪಕ್ಕದಲ್ಲಿ ಕಮರದ ಗಿಡ. ಕೊನೆಯ ಸಾಲಿನಲ್ಲಿ ‘ಹಿಡಿದಿಲ್ಲ, ಅಲ್ಲೇ ಇದೆ’ ಅಂತ ಸೇರಿಸಿದ.