ಪಂಪು ಹಿಡಿದರೆ ಚಟ ಹತ್ತುತ್ತಾ?

ಪ್ರಶ್ನೆ: ನನಗೆ 46 ವರ್ಷ. ಮಾಟುಂಗಾದಲ್ಲಿ ಹೋಟೆಲ್ ಕೆಲಸ. ಮಳೆಗಾಲ ಬಂತೆಂದರೆ ಬೆಳಗಿನ ಜಾವ ಉಬ್ಬಸ. ಡಾಕ್ಟರು ಬಾಯಲ್ಲಿಟ್ಟು ಔಷಧ ಎಳೆದುಕೊಳ್ಳುವ ಪಂಪು (ಇನ್‌ಹೇಲರ್) ಬರೆದುಕೊಟ್ಟಿದ್ದಾರೆ. ಒಮ್ಮೆ ಶುರು ಮಾಡಿದರೆ ಸಾಯೋ ತನಕ ಬಿಡೋಕಾಗಲ್ಲ ಅಂತಾರೆ. ಬದಲಿಗೆ ಮಾತ್ರೆ ತಗೊಂಡರೆ ಆಗಲ್ವಾ?

ಉತ್ತರ: ನಾನು ಡೊಂಬಿವಲಿಯಲ್ಲಿ ಕ್ಲಿನಿಕ್ ಇಟ್ಟು 22 ವರ್ಷ ಆಯಿತು. ಈ ಪ್ರಶ್ನೆ ಬರದ ಮಳೆಗಾಲ ಒಂದೂ ಇಲ್ಲ. ಕುಂದಾಪುರದವರು ಕೇಳಿದ್ದಾರೆ, ಕಲಬುರಗಿಯವರು ಕೇಳಿದ್ದಾರೆ, ಪಕ್ಕದ ಬಿಲ್ಡಿಂಗಿನ ಮರಾಠಿ ಕಾಕೂ ವರ್ಷಕ್ಕೆರಡು ಸಲ ಕೇಳುತ್ತಾರೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಚಟ ಹತ್ತಲ್ಲ. ಮಾತ್ರೆಯೇ ವಾಸಿ ಅನ್ನೋದಂತೂ ಪೂರ್ತಿ ಉಲ್ಟಾ ಲೆಕ್ಕ.

ಗಂಟಲಿನಿಂದ ಇಳಿಯುವ ಗಾಳಿಗೊಳವೆ ಎದೆಯೊಳಗೆ ಎರಡಾಗಿ, ನಾಲ್ಕಾಗಿ, ಹೀಗೆ ಸುಮಾರು 23 ಸಲ ಕವಲೊಡೆಯುತ್ತದೆ. ತುದಿಯಲ್ಲಿ ಸುಮಾರು 30 ಕೋಟಿ ಪುಟ್ಟ ಗಾಳಿಚೀಲಗಳಿವೆ. ಉಸಿರಿನ ಆಕ್ಸಿಜನ್ ರಕ್ತಕ್ಕೆ ಸೇರುವುದು ಅಲ್ಲೇ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ 750 ಚದರ ಅಡಿ. ನಮ್ಮ ಡೊಂಬಿವಲಿಯ ಟೂ ಬಿಎಚ್‌ಕೆ ಅನ್ನಿ, ಅದೂ ಕಾರ್ಪೆಟ್ ಏರಿಯಾ!

ಅಸ್ತಮಾದಲ್ಲಿ ಈ ಚೀಲಗಳು ಸರಿಯಾಗೇ ಇರುತ್ತವೆ. ಕೆಟ್ಟಿರುವುದು ಅಲ್ಲಿಗೆ ಹೋಗುವ ದಾರಿ. ಕೊಳವೆಯ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೋಡೆ ಊದಿಕೊಳ್ಳುತ್ತದೆ, ಮೇಲೆ ಕಫ ಬೇರೆ. ಗಾಳಿ ಹೇಗೋ ಒಳಗೆ ಹೋಗುತ್ತದೆ, ಹೊರಗೆ ಬರುವಾಗ ಸಿಕ್ಕಿಕೊಳ್ಳುತ್ತದೆ. ಆ ಸುಂಯ್ ಅನ್ನೋ ಸದ್ದು ಅದೇ.

ಈಗ ಲೆಕ್ಕಕ್ಕೆ ಬನ್ನಿ. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಬರುವ ಪಂಪನ್ನು ಒಮ್ಮೆ ಒತ್ತಿದರೆ ಸಿಗುವುದು 100 ಮೈಕ್ರೋಗ್ರಾಂ ಸಾಲ್ಬುಟಮಾಲ್. ಅದೇ ಔಷಧದ 4 ಮಿಲಿಗ್ರಾಂ ಮಾತ್ರೆಯಲ್ಲಿ ಇರುವುದು 4000 ಮೈಕ್ರೋಗ್ರಾಂ. ಅಂದರೆ 40 ಸಲ ಒತ್ತಿದಷ್ಟು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ದಾರಿಯಲ್ಲಿ ಕೈ ನಡುಗಿಸುತ್ತದೆ, ಎದೆ ಡವಡವ ಅನ್ನಿಸುತ್ತದೆ. ಪಂಪು ಸೀದಾ ಕೊಳವೆಗೇ ಹೋಗುತ್ತದೆ. ಆದರೂ ಜನ ಮಾತ್ರೆಯನ್ನು ಚಕ್ಕುಲಿ ತಿಂದ ಹಾಗೆ ತಿಂತಾರೆ, ಪಂಪು ಕಂಡರೆ ಹಾವು ಕಂಡ ಹಾಗೆ ಹಾರುತ್ತಾರೆ.

‘ಬಿಟ್ಟರೆ ಮತ್ತೆ ಉಬ್ಬಸ ಬರುತ್ತಲ್ಲ, ಅದೇ ಚಟ ಅಲ್ವಾ?’ ಅನ್ನುತ್ತೀರಿ. ಅಲ್ಲ ಸ್ವಾಮಿ. ಜುಲೈನಲ್ಲಿ ಕೊಡೆ ಮಡಚಿದರೆ ನೆನೆಯುತ್ತೀರಿ. ಅದು ಕೊಡೆಯ ಚಟವಾ? ಮಳೆ ನಿಂತಿಲ್ಲ, ಅಷ್ಟೇ. ಅಸ್ತಮಾವೂ ಹಾಗೇ ವರ್ಷಗಟ್ಟಲೆ ಇರುವ ಕಾಯಿಲೆ. ಹತೋಟಿಗೆ ಬಂದಮೇಲೆ ಡೋಸ್ ಇಳಿಸುತ್ತಾರೆ. ಆದರೆ ಇಳಿಸಬೇಕಾದವರು ಡಾಕ್ಟರು, ವಾಟ್ಸಾಪಿನ ಭಾವ ಅಲ್ಲ.

ಪಂಪಿನಲ್ಲಿ ನಿಜವಾಗಿ ಹೆದರಬೇಕಾದ್ದು ಒಂದಿದೆ, ಅದನ್ನು ಯಾರೂ ಕೇಳಲ್ಲ. ನೀಲಿ ಪಂಪು ಸ್ನಾಯುವನ್ನು ಸಡಿಲಿಸುತ್ತದೆ, ಊತ ಹಾಗೇ ಉಳಿಯುತ್ತದೆ. ಅದೊಂದನ್ನೇ ನಂಬಿ ದಿನಾ ಎಳೆಯುತ್ತಿದ್ದರೆ ಅಪಾಯ. ಅಸ್ತಮಾಕ್ಕೆ ಜಗತ್ತಿನಾದ್ಯಂತ ಡಾಕ್ಟರುಗಳು ನೋಡುವ ಜಿನಾ ಮಾರ್ಗಸೂಚಿ 2019ರಲ್ಲೇ ಹೇಳಿದೆ, ದೊಡ್ಡವರಿಗೆ ನೀಲಿಯೊಂದನ್ನೇ ಕೊಡಬೇಡಿ, ಎಳೆದುಕೊಳ್ಳುವ ಸ್ಟೀರಾಯ್ಡ್ ಜೊತೆಗಿರಲಿ ಅಂತ. ಸ್ಟೀರಾಯ್ಡ್ ಅಂದ ಕೂಡಲೇ ಮುಖ ಸಿಂಡರಿಸಬೇಡಿ. ಅದೂ ಮೈಕ್ರೋಗ್ರಾಂ ಲೆಕ್ಕದ್ದೇ. ಎಳೆದಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಬರಬಹುದು.

‘ಪಂಪು ಕೆಲಸ ಮಾಡ್ತಿಲ್ಲ ಡಾಕ್ಟ್ರೇ’ ಅಂತ ಒಬ್ಬ ಹೋಟೆಲ್ ಕ್ಯಾಶಿಯರ್ ಬಂದಿದ್ದರು. ಪಂಪನ್ನು ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದರಂತೆ. ಮಗಳಿಗೆ ಗಂಡು ನೋಡ್ತಿದ್ದಾರಲ್ಲ! ತೋರಿಸಿ ಅಂದೆ. ಬಾಯಿ ಅಗಲಿಸಿ ಒತ್ತಿದರು, ಔಷಧವೆಲ್ಲ ನಾಲಿಗೆಗೆ ಹೊಡೆಯಿತು. ಉಸಿರು ಎಳೆಯಲೇ ಇಲ್ಲ. ಇನ್ನೊಬ್ಬರು ಪುಡಿ ಎಳೆಯುವ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ನೀರಿನ ಜೊತೆ ನುಂಗಿದ್ದರು. ನನ್ನ ಮೇಜಿನ ಮೇಲೆ ಅದಕ್ಕೇ ಒಂದು ಖಾಲಿ ಪಂಪು ಇದೆ. ಅಲುಗಾಡಿಸಿ, ಉಸಿರು ಹೊರಗೆ ಬಿಡಿ, ತುಟಿ ಬಿಗಿ ಹಿಡಿಯಿರಿ, ನಿಧಾನವಾಗಿ ಎಳೆಯಲು ಶುರು ಮಾಡುತ್ತಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಕೈಗೂ ಉಸಿರಿಗೂ ತಾಳ ಕೂಡದಿದ್ದರೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಡಬ್ಬಿ, ಹಾಕಿಕೊಳ್ಳಿ. ಆ ಕ್ಯಾಶಿಯರ್ ಈಗ ನನಗಿಂತ ಚೆನ್ನಾಗಿ ತೋರಿಸಿಕೊಡುತ್ತಾರೆ.

ಬೀಡಿ-ಸಿಗರೇಟಿನ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಆಗ ಇದು ಸಿಒಪಿಡಿ, ಅಂದರೆ ಹೊಗೆಯಿಂದ ಶ್ವಾಸಕೋಶ ಕೆಟ್ಟು ಉಸಿರಿನ ದಾರಿ ಕಾಯಂ ಕಿರಿದಾಗುವ ಕಾಯಿಲೆ ಕೂಡ ಆಗಿರಬಹುದು. ಊದಿ ನೋಡುವ ಸ್ಪೈರೋಮೆಟ್ರಿ ಮಾಡಿಸಿದರೆ ತಿಳಿಯುತ್ತದೆ.

ನೀವು ಕೇಳಿಲ್ಲ, ಆದರೂ ಮುಂಬಯಿಯವರಾದ್ದರಿಂದ ಪಾರಿವಾಳದ ಮಾತು ಹೇಳಲೇಬೇಕು. 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ದಾದರ್ ಕಬೂತರ್‌ಖಾನಾಕ್ಕೆ ಟಾರ್ಪಾಲ್ ಹೊದಿಸಿದಾಗ ಎಷ್ಟು ಗಲಾಟೆ ಆಯಿತು ಗೊತ್ತಲ್ಲ. ಒಣಗಿದ ಹಿಕ್ಕೆ, ಗರಿಯ ದೂಳು ಅಸ್ತಮಾವನ್ನೂ ಕೆರಳಿಸಬಹುದು. ಆದರೆ ಕೆಲವರಲ್ಲಿ ಅದು ಆ 30 ಕೋಟಿ ಚೀಲಗಳ ಗೋಡೆಗೇ ಅಲರ್ಜಿ ಊತ ತರುತ್ತದೆ. ವರ್ಷಗಟ್ಟಲೆ ನಡೆದರೆ ಗೋಡೆ ಗಟ್ಟಿಯಾಗಿ ಕಲೆ ಬೀಳುತ್ತದೆ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಅಲ್ಲಿ ನಿಮ್ಮ ಪಂಪಿನ ಆಟ ನಡೆಯಲ್ಲ, ಮೊದಲು ಪಾರಿವಾಳದಿಂದ ದೂರವಾಗಬೇಕು. ಎಸಿ ಡಬ್ಬದ ಮೇಲಿನ ಹಿಕ್ಕೆಯನ್ನು ಒಣಗಿದ್ದಾಗ ಕೆರೆಯಬೇಡಿ. ಮಾಸ್ಕ್ ಹಾಕಿ, ನೀರು ಚೆಲ್ಲಿ ನೆನೆಸಿ ತೆಗೆಯಿರಿ.

ನಮ್ಮ ಬಾಲ್ಕನಿಗೂ ಬಲೆ ಹಾಕಿಸಿದೆ. ಜೋಳ ಚೆಲ್ಲೋಕೆ ಜಾಗ ಇಲ್ಲ ಅಂತ ಅಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.