ಅರಮನೆ ಬಿದ್ದ ಮೇಲೂ ಊಟ ನಡೆಯಿತಾ? ನಾಗರಿಕತೆಗಳ ಏಳುಬೀಳಿನ ಟಿಪ್ಪಣಿ

"ಪ್ರಾಚೀನ ನಾಗರಿಕತೆಗಳು ಏಕೆ ಪತನವಾದವು?" ಎಂದು ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಬರೆಯುವುದು ಒಂದು ಪಟ್ಟಿ. ಬರ, ಪ್ರವಾಹ, ದಾಳಿ, ರೋಗ, ಕೈಲಾಗದ ರಾಜ, ಒಳಜಗಳ. ಪಟ್ಟಿ ತಪ್ಪಲ್ಲ, ಆದರೆ ಸಾಲದು. ಬರ, ದಾಳಿ, ಒಳಜಗಳ ಎಲ್ಲವೂ ಈಜಿಪ್ಟಿಗೂ ಬಂದವು. ಅದು ಬಿದ್ದು ಎದ್ದು ಸುಮಾರು ಮೂರು ಸಾವಿರ ವರ್ಷ ಬಾಳಿತು. ಮೆಸೊಪೊಟೇಮಿಯಾದ ಉರ್ ನಗರದ ಮೂರನೇ ರಾಜವಂಶಕ್ಕೂ ಇವೇ ಪೆಟ್ಟುಗಳು ಬಿದ್ದವು. ಅದು ನೂರು ವರ್ಷ ದಾಟಿದ ಸ್ವಲ್ಪದರಲ್ಲೇ ಮುಗಿದುಹೋಯಿತು. ಪೆಟ್ಟು ಎರಡೂ ಕಡೆ ಇದ್ದ ಮೇಲೆ ವ್ಯತ್ಯಾಸ ಬೇರೆಲ್ಲೋ ಇರಬೇಕು, ಅಲ್ವಾ?

ನಾನು ಓದುವಾಗ ಪ್ರತಿ ನಾಗರಿಕತೆಗೂ ಒಂದು ಪ್ರಶ್ನೆ ಹಾಕಿ ನೋಡುತ್ತೇನೆ. ಅರಮನೆ ಬಿದ್ದ ಮಾರನೆಯ ವರ್ಷ ಜನರಿಗೆ ಊಟ ಸಿಗುತ್ತಿತ್ತಾ? ಸಿಗುತ್ತಿತ್ತು ಎಂದಾದರೆ ಆ ನಾಗರಿಕತೆ ಮತ್ತೆ ಎದ್ದಿರುತ್ತದೆ. ಇಲ್ಲ ಎಂದಾದರೆ ಹೆಚ್ಚಾಗಿ ಅಲ್ಲಿಗೆ ಕತೆ ಮುಗಿದಿರುತ್ತದೆ. ಎಲ್ಲ ಕಡೆ ಇದು ಅಚ್ಚುಕಟ್ಟಾಗಿ ಕೂರುವುದಿಲ್ಲ, ಆದರೆ ಬರೀ ಪಟ್ಟಿಗಿಂತ ಜಾಸ್ತಿ ತಿಳಿಸುತ್ತದೆ.

ಮೊದಲು, ಬಿದ್ದದ್ದು ಏನು?

"ನಾಗರಿಕತೆ ನಾಶವಾಯಿತು" ಎಂದು ಸುಮ್ನೆ ಬರೆದುಬಿಡುತ್ತೇವೆ. ಆಳ್ವಿಕೆ ಹೋಯಿತಾ? ನಗರ ಖಾಲಿಯಾಯಿತಾ? ಲಿಪಿ ಮರೆತುಹೋಯಿತಾ? ಇಲ್ಲ, ಜನರೇ ಇಲ್ಲವಾದರಾ? ಈ ನಾಲ್ಕೂ ಬೇರೆ ಬೇರೆ. ನಾಲ್ಕೂ ಒಟ್ಟಿಗೆ ಆಗುವುದು ತೀರಾ ಅಪರೂಪ.

ಸಿಂಧೂ ಕಣಿವೆಯನ್ನೇ ತೆಗೆದುಕೊಳ್ಳಿ. ಕ್ರಿ.ಪೂ. 2600ರಿಂದ 1900ರವರೆಗೆ ಅಲ್ಲಿ ದೊಡ್ಡ ನಗರಗಳ ಕಾಲ. ಹರಪ್ಪ, ಮೊಹೆಂಜೊದಾರೊ, ಧೋಲಾವೀರ, ಲೋಥಲ್ ಒಂದಕ್ಕೊಂದು ಎಷ್ಟೋ ದೂರ. ಆದರೂ ಇಟ್ಟಿಗೆಯ ದಪ್ಪ, ಅಗಲ, ಉದ್ದ ಹೆಚ್ಚಾಗಿ 1:2:4ರ ಲೆಕ್ಕದಲ್ಲೇ ಇರುತ್ತದೆ. ತೂಕದ ಕಲ್ಲುಗಳೂ ಒಂದೇ ಪದ್ಧತಿಯವು. ಗಟ್ಟಿ ಕಲ್ಲಿನ ಸಣ್ಣ ಘನಗಳು, 1, 2, 4, 8, 16 ಎಂದು ದುಪ್ಪಟ್ಟಾಗುತ್ತಾ ಹೋಗುತ್ತವೆ. ಹೆಚ್ಚು ಸಿಕ್ಕಿರುವುದು ಸುಮಾರು 13.7 ಗ್ರಾಂ ತೂಕದ ಕಲ್ಲು. 1900ರ ಸುಮಾರಿಗೆ ಮುಂಗಾರು ದುರ್ಬಲವಾಯಿತು, ನದಿಗಳ ಹರಿವು ಬದಲಾಯಿತು, ಮೆಸೊಪೊಟೇಮಿಯಾದ ಜೊತೆಗಿನ ವ್ಯಾಪಾರ ಕುಗ್ಗಿತು. ಆಗ ಏಕರೂಪದ ತೂಕ, ಬರಹವಿದ್ದ ಮುದ್ರೆ, ಲಿಪಿ ನಿಧಾನವಾಗಿ ಬಳಕೆಯಿಂದ ಹೋದವು. ಆದರೆ ಜನ ಇಲ್ಲವಾಗಲಿಲ್ಲ. ಪೂರ್ವಕ್ಕೂ ಗುಜರಾತಿನ ಕಡೆಗೂ ಚದುರಿ ಸಣ್ಣ ಹಳ್ಳಿಗಳಲ್ಲಿ ಬೇಸಾಯ ಮಾಡಿಕೊಂಡಿದ್ದರು.

ಮೊಹೆಂಜೊದಾರೊದಲ್ಲಿ ಸಿಕ್ಕ ಕೆಲವು ಅಸ್ಥಿಪಂಜರಗಳನ್ನು ನೋಡಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ "ಇದು ಆರ್ಯರ ದಾಳಿಯ ಹತ್ಯಾಕಾಂಡ" ಎಂದಿದ್ದರು. 1964ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಜಾರ್ಜ್ ಡೇಲ್ಸ್ ಆ ವಾದದ ಬುಡವನ್ನೇ ಅಲುಗಾಡಿಸಿದರು. ಆ ಅಸ್ಥಿಗಳು ಒಂದೇ ಕಾಲದವಲ್ಲ, ಯುದ್ಧ ನಡೆದ ಗುರುತೂ ಅಲ್ಲಿಲ್ಲ. ಆದರೂ ಹಳೆಯ ಗೈಡುಗಳಲ್ಲಿ ಆ ದಾಳಿ ಇನ್ನೂ ನಡೆಯುತ್ತಲೇ ಇದೆ!

ಉರ್: ಎಲ್ಲದಕ್ಕೂ ಕಚೇರಿ

ಉರ್‌ನ ಮೂರನೇ ರಾಜವಂಶದ ಕಾಲ ಸುಮಾರು ಕ್ರಿ.ಪೂ. 2112ರಿಂದ 2004. ಅಷ್ಟೊಂದು ಲೆಕ್ಕಪತ್ರ ಇಟ್ಟ ರಾಜ್ಯ ಆ ಕಾಲದಲ್ಲಿ ಇನ್ನೊಂದಿಲ್ಲ. ಕುರಿ ಎಷ್ಟು, ಬಾರ್ಲಿ ಎಷ್ಟು, ನೇಯುವ ಹೆಂಗಸರಿಗೆ ಎಷ್ಟು ಪಡಿತರ, ಎಲ್ಲವೂ ಮಣ್ಣಿನ ಹಲಗೆಯ ಮೇಲೆ. ಈ ಹಲಗೆಗಳು ಹತ್ತಾರು ಸಾವಿರ ಸಿಕ್ಕಿವೆ. ಕಾಲುವೆ ತೋಡುವುದು, ಹೂಳು ತೆಗೆಯುವುದು, ಧಾನ್ಯ ಹಂಚುವುದು ಬಹುಪಾಲು ರಾಜ್ಯದ ಮತ್ತು ದೇವಾಲಯಗಳ ಕೈಯಲ್ಲಿತ್ತು.

ಇಲ್ಲಿ ನೆಲದ ಒಂದು ಸಮಸ್ಯೆಯೂ ಇದೆ. ದಕ್ಷಿಣ ಮೆಸೊಪೊಟೇಮಿಯಾದಲ್ಲಿ ಮಳೆ ಸಾಲದು, ಹೊಳೆಯ ನೀರನ್ನು ಕಾಲುವೆಯಲ್ಲಿ ತಂದೇ ಬೆಳೆಯಬೇಕು. ಆ ನೀರಿನಲ್ಲಿ ಚೂರು ಉಪ್ಪು ಇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಗಡಸು ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ. ಹೊಲವನ್ನು ಆಗಾಗ ಬೀಳು ಬಿಟ್ಟರೆ ಅಂತರ್ಜಲ ಕೆಳಗಿಳಿದು ಉಪ್ಪಿನ ಕಾಟ ತಗ್ಗುತ್ತದೆ. ತೆರಿಗೆಯ ಗುರಿ ಮುಟ್ಟಲೇಬೇಕು ಎಂದು ಬೀಳು ಬಿಡುವುದನ್ನು ಕಡಿಮೆ ಮಾಡಿದರೆ ಆ ವರ್ಷ ಕಾಳು ಜಾಸ್ತಿ, ಮುಂದಿನ ತಲೆಮಾರಿಗೆ ಕಡಿಮೆ. ಗೋಧಿಗಿಂತ ಬಾರ್ಲಿ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ದಾಖಲೆಗಳಲ್ಲಿ ಗೋಧಿಯ ಪಾಲು ಇಳಿಯುತ್ತಾ ಹೋಗುವುದನ್ನು ಕೆಲವು ವಿದ್ವಾಂಸರು ಇದಕ್ಕೇ ಜೋಡಿಸುತ್ತಾರೆ. ಉಪ್ಪೇ ಎಲ್ಲಕ್ಕೂ ಕಾರಣ ಎನ್ನುವುದು ಅತಿಯಾಯಿತು ಎನ್ನುವವರೂ ಇದ್ದಾರೆ. ಪರೀಕ್ಷೆಯ ಉತ್ತರದಲ್ಲಿ "ಒಂದು ಕಾರಣ" ಎಂದು ಬರೆದರೆ ಸಾಕು.

ಕೊನೆಯ ರಾಜ ಇಬ್ಬಿ-ಸಿನ್. ಪಶ್ಚಿಮದ ಕಡೆಯಿಂದ ಬರುತ್ತಿದ್ದ ಅಮೊರೈಟ್ ಬುಡಕಟ್ಟಿನವರು ಒಳನುಗ್ಗದಂತೆ ತಡೆಯಲು ಹಿಂದಿನ ರಾಜ ಉದ್ದದ ಗೋಡೆಯನ್ನೇ ಕಟ್ಟಿಸಿದ್ದ, ಅದು ನಿಲ್ಲಿಸಲಿಲ್ಲ. ರಾಜಧಾನಿಯಲ್ಲಿ ಧಾನ್ಯ ಮುಗಿಯುತ್ತಾ ಬಂತು. ಇಬ್ಬಿ-ಸಿನ್ ತನ್ನ ಅಧಿಕಾರಿ ಇಶ್ಬಿ-ಎರ್ರನಿಗೆ 20 ಟ್ಯಾಲೆಂಟ್ (ಆಗಿನ ತೂಕದ ಮಾನ) ಬೆಳ್ಳಿ ಕೊಟ್ಟು ಕಾಳು ಕೊಳ್ಳಲು ಕಳಿಸಿದ. ಅವನು ಬರೆದ ಪತ್ರ ಹೀಗಿದೆ: 72,000 ಗುರ್ (ಆಗಿನ ಧಾನ್ಯದ ಅಳತೆ) ಕಾಳು ಕೊಂಡು ಇಸಿನ್ ನಗರದೊಳಗೆ ಇಟ್ಟಿದ್ದೇನೆ, ಅಮೊರೈಟರು ದಾರಿ ಕಟ್ಟಿದ್ದಾರೆ, 120 ಗುರ್ ಹಿಡಿಸುವ 600 ದೋಣಿ ಕಳಿಸಿ, ಇಸಿನ್ ಮತ್ತು ನಿಪ್ಪುರ್ ಕಾಯುವ ಹೊಣೆಯನ್ನು ನನಗೇ ಕೊಡಿ. ಗುಣಿಸಿ ನೋಡಿ, ಲೆಕ್ಕ ಸರಿಯಾಗಿದೆ. ಆದರೆ ಕಾಳು ಉರ್ ತಲುಪಿ ಕಷ್ಟ ತೀರಲಿಲ್ಲ. ಇಶ್ಬಿ-ಎರ್ರ ಇಸಿನ್‌ನಲ್ಲೇ ತನ್ನ ರಾಜವಂಶ ಶುರು ಮಾಡಿದ. ಕ್ರಿ.ಪೂ. 2004ರ ಸುಮಾರಿಗೆ ಪೂರ್ವದ ನೆರೆರಾಜ್ಯ ಎಲಾಮಿನವರು ಉರ್ ಹಾಳುಗೆಡವಿ ಇಬ್ಬಿ-ಸಿನ್‌ನನ್ನು ಸೆರೆಹಿಡಿದುಕೊಂಡು ಹೋದರು. (ಈ ಪತ್ರ ನಮಗೆ ಸಿಕ್ಕಿರುವುದು ಮುಂದಿನ ಶತಮಾನಗಳ ಲಿಪಿಕಾರರ ಶಾಲೆಯ ನಕಲುಗಳಲ್ಲಿ. ಮಾತು ಮಾತಿಗೂ ನಿಜ ಎಂದು ಹಿಡಿಯಬೇಡಿ.)

ದಾಳಿ ಮಾಡಿದವರು ಎಲಾಮಿನವರು, ಸರಿ. ಆದರೆ ಅವರು ಬರುವ ಹೊತ್ತಿಗೆ ರಾಜನ ಕಣಜದ ಕೀಲಿ ಅವನ ನೌಕರನ ಕೈಯಲ್ಲಿತ್ತು.

ಈಜಿಪ್ಟ್: ಮೂರು ಸಲ ಒಡೆದು ಮೂರು ಸಲ ಕೂಡಿದ್ದು

ನೈಲ್ ಬೇಸಿಗೆಯಲ್ಲಿ ಉಕ್ಕುತ್ತಿತ್ತು. ಹೊಲದ ಸುತ್ತ ಬದು ಕಟ್ಟಿ ಆ ನೀರನ್ನು ಕೆಲವು ವಾರ ನಿಲ್ಲಿಸಿಕೊಳ್ಳುತ್ತಿದ್ದರು. ಆಮೇಲೆ ಹರಿಯಬಿಟ್ಟು, ಹಸಿ ಮಣ್ಣಿನಲ್ಲಿ ಬಿತ್ತುತ್ತಿದ್ದರು. ನೀರು ಹೊಸ ಮೆಕ್ಕಲು ತರುತ್ತಿತ್ತು, ಹೋಗುವಾಗ ಉಪ್ಪನ್ನೂ ತೊಳೆದುಕೊಂಡು ಹೋಗುತ್ತಿತ್ತು. ಈ ಕೆಲಸಕ್ಕೆ ಫೇರೋ, ಅಂದರೆ ರಾಜ, ಬೇಕಿರಲಿಲ್ಲ, ಊರಿನವರು ಸೇರಿದರೆ ಆಗುತ್ತಿತ್ತು. ಫೇರೋ ಬೇಕಿದ್ದದ್ದು ತೆರಿಗೆಗೆ, ಸೈನ್ಯಕ್ಕೆ, ಪಿರಮಿಡ್ಡಿಗೆ.

ಕ್ರಿ.ಪೂ. 2180ರ ಸುಮಾರಿಗೆ ಹಳೆಯ ರಾಜ್ಯ ಒಡೆಯಿತು. ಆ ಕಾಲದ ಆಸುಪಾಸಿನಲ್ಲಿ ನೈಲ್ ಪ್ರವಾಹ ತಗ್ಗಿದ್ದಕ್ಕೂ ಪುರಾವೆಗಳಿವೆ. ಮೇಲ್ ಈಜಿಪ್ಟಿನ ಮೊಅಲ್ಲಾದಲ್ಲಿ ಅಂಖ್‌ತಿಫಿ ಎಂಬ ಪ್ರಾಂತ್ಯಾಧಿಕಾರಿಯ ಸಮಾಧಿ ಇದೆ. ಅದರ ಗೋಡೆಯ ಮೇಲೆ ಅವನೇ ಬರೆಸಿಕೊಂಡಿದ್ದಾನೆ: ನಾಡೆಲ್ಲ ಹಸಿವಿನಿಂದ ಸಾಯುತ್ತಿತ್ತು, ಜನ ತಮ್ಮ ಮಕ್ಕಳನ್ನೇ ತಿನ್ನುತ್ತಿದ್ದರು, ನನ್ನ ಪ್ರಾಂತ್ಯದಲ್ಲಿ ಮಾತ್ರ ಯಾರೂ ಹಸಿವಿನಿಂದ ಸಾಯಲು ನಾನು ಬಿಡಲಿಲ್ಲ. ಬಡಾಯಿ ಇದ್ದೇ ಇದೆ. ಆದರೆ ನಮಗೆ ಬೇಕಾದ ವಿಷಯ ಬಡಾಯಿಯ ಹಿಂದಿದೆ. ಹೊಟ್ಟೆ ತುಂಬಿಸಿದವನು ನಾನು ಎಂದು ಹೇಳಿಕೊಳ್ಳುತ್ತಿರುವುದು ಫೇರೋ ಅಲ್ಲ, ಒಬ್ಬ ಸ್ಥಳೀಯ ಅಧಿಕಾರಿ. ಕೇಂದ್ರ ಕುಸಿದರೂ ಪ್ರಾಂತ್ಯದ ಮಟ್ಟದಲ್ಲಿ ಕಾಳು, ಕಣಜ, ಆಡಳಿತ ಉಳಿದಿದ್ದವು. ಸುಮಾರು ನೂರಿಪ್ಪತ್ತು ವರ್ಷದ ಬಳಿಕ ಥೀಬ್ಸ್‌ನ ಎರಡನೇ ಮೆಂತುಹೊತೆಪ್ ಆ ತುಂಡುಗಳನ್ನೇ ಮತ್ತೆ ಒಂದುಗೂಡಿಸಿದ. ಇಂಥ ಒಡಕು ಇನ್ನೂ ಎರಡು ಸಲ ಆಯಿತು. ಎಡಬಲಕ್ಕೆ ಮರುಭೂಮಿ ಇದ್ದದ್ದೂ ದೊಡ್ಡ ಅದೃಷ್ಟ ಎಂಬುದನ್ನು ಮರೆಯುವ ಹಾಗಿಲ್ಲ.

ತಾಮ್ರಕ್ಕೆ ತವರ ಸಿಗದಿದ್ದರೆ

ಊಟ ಎಂದರೆ ಬರೀ ಕಾಳಲ್ಲ. ಕ್ರಿ.ಪೂ. 1300ರ ಸುಮಾರಿಗೆ ಟರ್ಕಿಯ ಉಲುಬುರುನ್ ಬಳಿ ಮುಳುಗಿದ ಹಡಗಿನಲ್ಲಿ ಸುಮಾರು 10 ಟನ್ ತಾಮ್ರ, 1 ಟನ್ ತವರ ಸಿಕ್ಕಿತು. ಕಂಚಿಗೆ ಬೇಕಾದ ಅಳತೆ ಹೆಚ್ಚುಕಡಿಮೆ ಅದೇ. ತಾಮ್ರ ಬಹುಪಾಲು ಸೈಪ್ರಸ್‌ನದು, ತವರ ಬರುತ್ತಿದ್ದ ಕಡೆಗಳಲ್ಲಿ ಮಧ್ಯ ಏಷ್ಯಾವೂ ಒಂದು. ಆಯುಧದಿಂದ ಉಪಕರಣದವರೆಗೆ ಎಲ್ಲವೂ ಕಂಚಿನವಾಗಿದ್ದ ಕಾಲದಲ್ಲಿ ಒಂದು ಕೊಂಡಿ ಕಳಚಿದರೆ ಎಷ್ಟು ಅರಮನೆಗಳಿಗೆ ಬಿಸಿ ತಟ್ಟುತ್ತದೆ ನೋಡಿ.

1200ರ ಆಸುಪಾಸಿನಲ್ಲಿ ಹಾಗೇ ಆಯಿತು. ಇಂದಿನ ಟರ್ಕಿಯಲ್ಲಿದ್ದ ಹಿಟೈಟ್ ರಾಜ್ಯಕ್ಕೆ ಈಜಿಪ್ಟಿನಿಂದ ಕಾಳು ಕಳಿಸಬೇಕಾಯಿತು. ಸಿರಿಯಾ ಕರಾವಳಿಯ ಬಂದರು ನಗರ ಉಗಾರಿಟ್‌ನ ರಾಜ ಅಮ್ಮುರಾಪಿ, ಶತ್ರುಗಳ ಹಡಗುಗಳು ಬಂದು ಊರುಗಳನ್ನು ಸುಡುತ್ತಿವೆ, ನನ್ನ ಸೈನ್ಯ ಹಿಟೈಟರ ನಾಡಿನಲ್ಲಿದೆ, ಹಡಗುಗಳು ದೂರದ ಲುಕ್ಕಾ ನಾಡಿನಲ್ಲಿವೆ ಎಂದು ಬರೆದ. ಕೆಲವೇ ಕಾಲದಲ್ಲಿ ಉಗಾರಿಟ್ ಸುಟ್ಟುಹೋಯಿತು, ಮತ್ತೆ ಏಳಲಿಲ್ಲ. ಗ್ರೀಸ್‌ನ ಅರಮನೆಗಳು ಉರುಳಿದಾಗ ಲೀನಿಯರ್ ಬಿ ಲಿಪಿಯೂ ಹೋಯಿತು, ಏಕೆಂದರೆ ಅದನ್ನು ಬಳಸುತ್ತಿದ್ದದ್ದು ಅರಮನೆಯ ಗುಮಾಸ್ತರು ಮಾತ್ರ. ಗ್ರೀಕರು ಮತ್ತೆ ಬರೆಯಲು ಶುರು ಮಾಡಿದ್ದು ಸುಮಾರು ಕ್ರಿ.ಪೂ. 8ನೇ ಶತಮಾನದಲ್ಲಿ, ಅದೂ ಫಿನೀಷಿಯನ್ನರಿಂದ ಪಡೆದ ಅಕ್ಷರಗಳಲ್ಲಿ. ಇದರ ಪಕ್ಕದಲ್ಲಿ ಮೆಸೊಪೊಟೇಮಿಯಾದ ಕ್ಯೂನಿಫಾರ್ಮ್ ಲಿಪಿಯನ್ನು ಇಟ್ಟು ನೋಡಿ. ಉರ್ ಹೋದ ಮೇಲೂ ಶಾಲೆಗಳಲ್ಲಿ, ದೇವಾಲಯಗಳಲ್ಲಿ, ವ್ಯಾಪಾರಿಗಳ ಮನೆಗಳಲ್ಲಿ ಅದು ಇನ್ನೂ ಎರಡು ಸಾವಿರ ವರ್ಷ ನಡೆಯಿತು.

ಎರಡು ರೋಮ್‌ಗಳು

ನನಗೆ ತುಂಬಾ ಇಷ್ಟವಾದ ಭಾಗ ಇದು. ರೋಮ್ ಸಾಮ್ರಾಜ್ಯ ಪಶ್ಚಿಮ, ಪೂರ್ವ ಎಂದು ಇಬ್ಭಾಗವಾಗಿತ್ತು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಥರದ ಪೆಟ್ಟು, ಬೇರೆ ಬೇರೆ ಫಲ.

ಪಶ್ಚಿಮ ರೋಮಿಗೆ ಉತ್ತರ ಆಫ್ರಿಕಾವೇ ಕಾಳು, ಎಣ್ಣೆ, ತೆರಿಗೆಯ ದೊಡ್ಡ ಮೂಲ. ಕ್ರಿ.ಶ. 439ರಲ್ಲಿ ವ್ಯಾಂಡಲರು ಎಂಬ ಜರ್ಮ್ಯಾನಿಕ್ ಜನರ ರಾಜ ಗೈಸರಿಕ್ ಅಲ್ಲಿನ ಕಾರ್ತೇಜ್ ನಗರ ಹಿಡಿದ. ತೆರಿಗೆ ಇಲ್ಲದೆ ಸೈನ್ಯಕ್ಕೆ ಸಂಬಳವಿಲ್ಲ, ಸೈನ್ಯವಿಲ್ಲದೆ ಉಳಿದ ಪ್ರಾಂತ್ಯಗಳೂ ಒಂದೊಂದಾಗಿ ಕೈಬಿಟ್ಟವು. 468ರಲ್ಲಿ ಆಫ್ರಿಕಾವನ್ನು ಮರಳಿ ಪಡೆಯಲು ಹೋದ ಭಾರಿ ಹಡಗುಪಡೆಗೆ ವ್ಯಾಂಡಲರು ಬೆಂಕಿಯ ದೋಣಿಗಳನ್ನು ಬಿಟ್ಟರು. ಎಂಟೇ ವರ್ಷಕ್ಕೆ, 476ರಲ್ಲಿ, ಸೇನಾನಾಯಕ ಒಡೊಅಸರ್ ಕೊನೆಯ ಹುಡುಗ ಚಕ್ರವರ್ತಿಯನ್ನು ಇಳಿಸಿದ. ನಾವು ಬಾಯಿಪಾಠ ಮಾಡುವ ಇಸವಿ 476, ಆದರೆ ಸಾಮ್ರಾಜ್ಯದ ಸೊಂಟ ಮುರಿದದ್ದು 439ರಲ್ಲಿ ಎಂಬುದು ನನ್ನ ಅಭಿಪ್ರಾಯ.

ಪೂರ್ವ ರೋಮಿನ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಇಂಥದ್ದೇ ಏಟು ಬಿದ್ದದ್ದು 618ರ ಸುಮಾರಿಗೆ. ಅದರ ಕಾಳು ಬರುತ್ತಿದ್ದದ್ದು ಈಜಿಪ್ಟಿನಿಂದ. ಪರ್ಷಿಯನ್ನರು ಈಜಿಪ್ಟನ್ನು ಹಿಡಿದರು. ಶತಮಾನಗಳಿಂದ ನಗರದ ಜನರಿಗೆ ಸಿಗುತ್ತಿದ್ದ ಉಚಿತ ರೊಟ್ಟಿಯನ್ನು ಚಕ್ರವರ್ತಿ ಹೆರಾಕ್ಲಿಯಸ್ ನಿಲ್ಲಿಸಿದ. ಅಧಿಕಾರಿಗಳ, ಸೈನಿಕರ ಸಂಬಳ ಅರ್ಧಕ್ಕೆ ಇಳಿಯಿತು. ಈಜಿಪ್ಟ್ ಕೆಲವು ವರ್ಷ ಮರಳಿ ಸಿಕ್ಕಿ, 640ರ ದಶಕದಲ್ಲಿ ಅರಬರ ಪಾಲಾಗಿ ಕೊನೆಗೂ ಹೋಯಿತು. ಆಮೇಲೆ ಸೈನ್ಯವನ್ನು ಅನಟೋಲಿಯಾದ (ಇಂದಿನ ಟರ್ಕಿಯ) ಪ್ರಾಂತ್ಯಗಳಲ್ಲೇ ನೆಲೆನಿಲ್ಲಿಸಿ, ಅಲ್ಲಿನ ಬೆಳೆಯಿಂದಲೇ ಸಾಕುವ ಏರ್ಪಾಡು ಬೆಳೆಯಿತು. ನಗರ ಕುಗ್ಗಿತು. ಎಷ್ಟು ಕುಗ್ಗಿತೆಂದರೆ, 626ರಲ್ಲಿ ಮುತ್ತಿಗೆ ಹಾಕಿದ ಅವಾರರು ಕಡಿದು ಹಾಕಿದ ದೊಡ್ಡ ಮೇಲ್ಗಾಲುವೆಯನ್ನು ದುರಸ್ತಿ ಮಾಡಿದ್ದು 760ರ ದಶಕದಲ್ಲಿ. ನೂರ ಮೂವತ್ತಕ್ಕೂ ಹೆಚ್ಚು ವರ್ಷ ಆ ನೀರಿಲ್ಲದೆ ನಗರ ನಡೆಯಿತು, ಏಕೆಂದರೆ ಕುಡಿಯುವ ಬಾಯಿಗಳೇ ಕಡಿಮೆಯಾಗಿದ್ದವು.

ಅವಮಾನದ ಕಾಲ ಅನಿಸಬಹುದು. ಆದರೆ ಹೀಗೆ ಕುಗ್ಗಲು ಗೊತ್ತಿದ್ದದ್ದರಿಂದಲೇ ಆ ಸಾಮ್ರಾಜ್ಯ, ನಡುವೆ ಕ್ರುಸೇಡರು ನಗರ ಹಿಡಿದಿದ್ದ 1204ರಿಂದ 1261ರ ಕಾಲ ಬಿಟ್ಟರೆ, 1453ರವರೆಗೆ ಅಲ್ಲೇ ನಿಂತಿತ್ತು. ಖರ್ಚು ಕಡಿಮೆ ಮಾಡುವುದು ಇಬ್ಭಾಗವಾಗುವ ಮುಂಚಿನ ರೋಮಿಗೆ ಬಂದಿರಲಿಲ್ಲ. 3ನೇ ಶತಮಾನದಲ್ಲಿ ಸೈನಿಕರ ಸಂಬಳಕ್ಕಾಗಿ ನಾಣ್ಯದ ಬೆಳ್ಳಿಯನ್ನೇ ಇಳಿಸುತ್ತಾ ಹೋದರು. 260ರ ದಶಕದ ಕೊನೆಗೆ ಬೆಳ್ಳಿ ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಐದರಷ್ಟೂ ಇರಲಿಲ್ಲ. ಬೆಲೆ ಏರಿತು. ಚಕ್ರವರ್ತಿ ಡಯೊಕ್ಲೀಷಿಯನ್ 301ರಲ್ಲಿ ಬೆಲೆ ನಿಗದಿ ಮಾಡಿ, ಮೀರಿದರೆ ಮರಣದಂಡನೆ ಎಂದ. ಅದರಿಂದಲೂ ಬೆಲೆ ಇಳಿಯಲಿಲ್ಲ.

ಮಾಯಾ ಮತ್ತು ಅಂಕೋರ್

ಇವೆರಡನ್ನು ಬೇಗ ಮುಗಿಸುತ್ತೇನೆ. ಎರಡೂ ಕಡೆ ನೀರೇ ಮುಖ್ಯ. ಮಧ್ಯ ಅಮೆರಿಕದ ಟಿಕಾಲ್‌ನಂಥ ಮಾಯಾ ನಗರದ ಹತ್ತಿರ ನದಿಯಿಲ್ಲ, ಮಳೆನೀರಿನ ಕೆರೆಗಳೇ ಆಧಾರ. ಮಳೆ ತರಿಸುವವನು ತಾನೇ ಎಂದು ಹೇಳಿಕೊಂಡ ರಾಜನಿಗೆ 9ನೇ ಶತಮಾನದ ಮತ್ತೆ ಮತ್ತೆ ಬಂದ ಬರ ಮುಳುವಾಯಿತು. ಮಾಯಾ ಪಂಚಾಂಗದ "ದೀರ್ಘ ಗಣನೆ"ಯಲ್ಲಿ ದಿನಾಂಕ ಕೆತ್ತಿದ ಕೊನೆಯ ಸ್ಮಾರಕ ತೊನಿನಾ ಎಂಬ ಊರಲ್ಲಿದೆ, ಅದರ ಕಾಲ 909. ರಾಜರು ಹೋದರು, ಮಾಯಾ ಭಾಷೆ ಆಡುವ ಲಕ್ಷಾಂತರ ಜನ ಇಂದಿಗೂ ಇದ್ದಾರೆ. ಕಾಂಬೋಡಿಯಾದ ಅಂಕೋರ್‌ನಲ್ಲಿ ಪಶ್ಚಿಮ ಬರಾಯ್ ಎಂಬ ಕೆರೆ ಒಂದೇ ಸುಮಾರು 8 ಕಿ.ಮೀ. ಉದ್ದ, 2 ಕಿ.ಮೀ. ಅಗಲ. 14 ಮತ್ತು 15ನೇ ಶತಮಾನಗಳಲ್ಲಿ ದೀರ್ಘ ಬರ, ನಡುನಡುವೆ ಭಾರಿ ಮಳೆ. ಕಾಲುವೆಗಳಲ್ಲಿ ಹೂಳು ತುಂಬಿತು, ಕೆಲವು ಕೊಚ್ಚಿಹೋದವು. ಅಷ್ಟು ದೊಡ್ಡ ಜಾಲದಲ್ಲಿ ಒಂದು ಕಡೆ ರಿಪೇರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ಸಿಯಾಮಿನ (ಇಂದಿನ ಥಾಯ್ಲೆಂಡಿನ) ಆಯುತ್ಥಯ ರಾಜ್ಯದ ಪಡೆ 1431ರಲ್ಲಿ ಬರುವ ಹೊತ್ತಿಗೆ ನಗರ ಮೊದಲೇ ಸೊರಗಿತ್ತು.

ಕಿನ್ ಹೋಯಿತು, ಜಿಲ್ಲೆ ಉಳಿಯಿತು

ಚೀನಾ ಬಗ್ಗೆ "ನಿರಂತರ ನಾಗರಿಕತೆ" ಎಂದು ಒಂದೇ ಸಾಲು ಬರೆದು ಬಿಟ್ಟುಬಿಡುತ್ತೇವೆ. ಅಲ್ಲಿ ರಾಜವಂಶಗಳು ಬಿದ್ದಿಲ್ಲವೇ? ಬಿದ್ದಿವೆ, ಬೇಕಾದಷ್ಟು. ಕ್ರಿ.ಪೂ. 221ರಲ್ಲಿ ಇಡೀ ದೇಶ ಒಂದು ಮಾಡಿದ ಕಿನ್ ವಂಶ ಸುಮಾರು 15 ವರ್ಷಕ್ಕೆ ಮುಗಿಯಿತು. ಬಲವಂತದ ದುಡಿಮೆ, ಕಠಿಣ ಶಿಕ್ಷೆ ತಾಳದೆ ಜನ ದಂಗೆ ಎದ್ದರು. ಆದರೆ ಆಮೇಲೆ ಬಂದ ಹಾನ್ ವಂಶ ಕಿನ್ ಮಾಡಿದ್ದನ್ನು ಕಿತ್ತೆಸೆಯಲಿಲ್ಲ. ಒಂದೇ ಲಿಪಿ, ಒಂದೇ ತೂಕ-ಅಳತೆ, ನೇಮಕದ ಅಧಿಕಾರಿಗಳಿರುವ ಜಿಲ್ಲೆಗಳನ್ನು ಬಹುಮಟ್ಟಿಗೆ ಹಾಗೇ ಇಟ್ಟುಕೊಂಡು ತೆರಿಗೆ ತಗ್ಗಿಸಿತು, ಶಿಕ್ಷೆ ಸಡಿಲಿಸಿತು. ನಾಡಿನ ಪೂರ್ವದ ಅರ್ಧದಷ್ಟು ಭಾಗವನ್ನು ಮೊದಲು ನೆಂಟರಿಗೆ ಸಾಮಂತ ರಾಜ್ಯಗಳಾಗಿ ಕೊಟ್ಟಿದ್ದೂ ಉಂಟು. ಕ್ರಿ.ಪೂ. 154ರಲ್ಲಿ ಅವರಲ್ಲಿ ಏಳು ಮಂದಿ ದಂಗೆ ಎದ್ದ ಮೇಲೆ ಅವರ ಅಧಿಕಾರ ಮೊಟಕಾಯಿತು, ಕಿನ್‌ನವರು ಹಾಕಿಕೊಟ್ಟ ಜಿಲ್ಲೆಯ ವ್ಯವಸ್ಥೆಯೇ ಮತ್ತೆ ಮೇಲಾಯಿತು. ಹಾನ್ ಬಾಳಿದ್ದು, ನಡುವೆ ಕೆಲವು ವರ್ಷ ತಪ್ಪಿದರೂ, ಸುಮಾರು 400 ವರ್ಷ.